ಆಷಾಢದ ಬಾಡಿಗೆ ಮತ್ತು ನನ್ನ ಮೂವತ್ತಾರು ತಪ್ಪುಗಳು

ಕಾರು ಲೀಸ್ ಕಂಪನಿಯ ಪ್ರಾದೇಶಿಕ ವ್ಯವಸ್ಥಾಪಕರಿಗೆ,

ಮಾನ್ಯರೇ,

ಒಂದು ದಿನವೂ ತಡಮಾಡದೆ ಕಾರಿನ ಬಾಡಿಗೆ ಸಂದಾಯವಾಗಿದ್ದರೂ, ನಿಮ್ಮ ಕಂಪನಿ ನನ್ನನ್ನು ಮೂವತ್ತಾರು ಬಾರಿ ತಡಮಾಡಿದವಳೆಂದು ಸಾಲ ಮಾಹಿತಿ ಸಂಸ್ಥೆಗೆ ವರದಿ ಮಾಡಿದೆ. ಆ ವರದಿ ನೋಡಿ ಬ್ಯಾಂಕು ನನಗೆ ಗೃಹಸಾಲ ನಿರಾಕರಿಸಿದೆ. ಹತ್ತೊಂಬತ್ತು ವರ್ಷದಿಂದ ನಾವು ವಾಸವಿರುವ ಮನೆಯನ್ನು ಕೊಳ್ಳಲು ಉಳಿದಿರುವುದು ಐದು ವಾರ. ನಿಮಗೆ ಬರೆದ ನಾಲ್ಕು ಪತ್ರಗಳಿಗೆ ಉತ್ತರ ಬಂದಿಲ್ಲ. ಐದನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯನ್ನು ನೀವು ಓದುತ್ತೀರೋ ಇಲ್ಲವೋ ತಿಳಿಯದು. ಅದರಲ್ಲಿ ಜಾಹೀರಾತು ಹಾಕಿಸುತ್ತೀರೆಂಬುದು ಮಾತ್ರ ಖಚಿತವಾಗಿ ಗೊತ್ತು.

ನಾನು ಶಾಲಾ ಶಿಕ್ಷಕಿ. ನನ್ನ ಪತಿ ರಾಮಾನುಜ ಅವರು ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಮಾಡುವ ಸಣ್ಣ ಪ್ರೆಸ್ ನಡೆಸುತ್ತಾರೆ. 2005ರಲ್ಲಿ ಪ್ರೆಸ್ಸಿನ ಹೆಸರಿನಲ್ಲಿ ನಿಮ್ಮಿಂದ ಒಂದು ಕಾರನ್ನು ಮೂರು ವರ್ಷದ ಲೀಸಿಗೆ ಪಡೆದರು. ಸಣ್ಣ ಪ್ರೆಸ್ಸಿನ ಮಾತಿಗೆ ಬೆಲೆ ಸಾಲದೆಂದು, ಸಂಬಳ ಬರುವ ನಾನು ವೈಯಕ್ತಿಕ ಜಾಮೀನು ಹಾಕಬೇಕೆಂದು ನೀವೇ ಕೇಳಿದಿರಿ. ಅಂದಹಾಗೆ, ನನಗೆ ಕಾರು ಓಡಿಸಲು ಬರುವುದಿಲ್ಲ.

ಸಹಿ ಹಾಕಿದ್ದು ಜುಲೈ 1ರಂದು, ಜ್ಯೇಷ್ಠ ಮುಗಿಯುವ ಮೊದಲು. ಕಾರು ಬಂದದ್ದು ಆಗಸ್ಟ್ 10ರಂದು, ಶ್ರಾವಣದಲ್ಲಿ. ನಡುವಿನ ಆಷಾಢದಲ್ಲಿ ಹೊಸ ವಾಹನವನ್ನು ನಮ್ಮ ಕಡೆ ಮನೆಗೆ ತರುವುದಿಲ್ಲ. ಇದು ಮೂಢನಂಬಿಕೆಯೆಂದು ನೀವು ನಗಬಹುದು. ಆದರೆ ಅದನ್ನು ನಂಬಿ ವ್ಯಾಪಾರ ಮಾಡಿದವರು ಯಾರು? 2005ರ ಜೂನ್ 24ರ ಪತ್ರಿಕೆಯಲ್ಲಿ ಬಂದ ನಿಮ್ಮ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. "ಜ್ಯೇಷ್ಠದಲ್ಲೇ ಸಹಿ ಮಾಡಿ, ಶ್ರಾವಣದಲ್ಲಿ ಕಾರು ಒಯ್ಯಿರಿ. ಆಷಾಢಕ್ಕೆ ಬಾಡಿಗೆ ಇಲ್ಲ." ಕಾಲು ಪುಟದ ಜಾಹೀರಾತು, ಮೂಲೆಯಲ್ಲಿ ಮಾವಿನ ತೋರಣ.

ಸಹಿ ಹಾಕಿಸಲು ಬಂದ ನಿಮ್ಮ ಪ್ರತಿನಿಧಿಯನ್ನು ನಾನು ಎರಡು ಸಲ ಕೇಳಿದೆ. "ಗಾಡಿ ನಮ್ ಯಾರ್ಡಲ್ಲೇ ನಿಂತಿರತ್ತೆ ಮೇಡಂ, ನಿಮ್ಮತ್ರ ಬಾಡಿಗೆ ಹೆಂಗ್ ಕೇಳೋದು?" ಎಂದರು. ಬರಹದಲ್ಲಿ ಕೊಡಿ ಎನ್ನಬೇಕಿತ್ತು. ಮಕ್ಕಳ ರಜಾ ಚೀಟಿಯನ್ನೂ ಬರಹದಲ್ಲೇ ಕೇಳುವ ನಾನು ಅಂದು ಕೇಳಲಿಲ್ಲ. ಅಷ್ಟು ನನ್ನ ತಪ್ಪು. ಪ್ರೆಸ್ಸಿನ ಮೂವತ್ತಾರು ಚೆಕ್ಕುಗಳ ಮೇಲೆ ತಾರೀಕು ಬರೆದವಳೂ ನಾನೇ: ಮೊದಲನೆಯದು 2005ರ ಆಗಸ್ಟ್ 10, ಕೊನೆಯದು 2008ರ ಜುಲೈ 10. ನಿಮ್ಮವರು ಎಣಿಸಿ, ರಸೀದಿ ಕೊಟ್ಟು ಒಯ್ದರು. ಒಂದು ಚೆಕ್ಕೂ ವಾಪಸಾಗಲಿಲ್ಲ.

ಆದರೆ ನಿಮ್ಮ ಕಂಪ್ಯೂಟರು ಬಾಡಿಗೆಯನ್ನು ಸಹಿಯ ತಿಂಗಳಿಂದಲೇ ಎಣಿಸಿತು. ಆಗಸ್ಟಿನ ಚೆಕ್ಕು ಜುಲೈಗೆ ಹೋಯಿತು, ಸೆಪ್ಟೆಂಬರಿನದು ಆಗಸ್ಟಿಗೆ. ಹೀಗೆ ಮೂವತ್ತಾರು ಕಂತೂ ತಲಾ ಒಂದು ತಿಂಗಳು ತಡ. ಲೀಸ್ ಮುಗಿದು ಕಾರು ಹಿಂದಿರುಗಿಸಿದಾಗ "ಯಾವ ಬಾಕಿಯೂ ಇಲ್ಲ" ಎಂಬ ಪತ್ರ ಕೊಟ್ಟಿರಿ. ಅದು ಪ್ರೆಸ್ಸಿನ ಹೆಸರಿಗೆ. ತಡದ ವರದಿ ಕಳಿಸಿದಿರಿ. ಅದು ನನ್ನ ಹೆಸರಿಗೆ. ಎಂಥ ನ್ಯಾಯವಾದ ಹಂಚಿಕೆ! ಮೂರು ವರ್ಷ ಪ್ರತಿ ತಿಂಗಳೂ ತಪ್ಪಿದವಳಿಗೆ ಒಂದು ನೋಟಿಸನ್ನಾದರೂ ಕಳಿಸಬಾರದಿತ್ತೇ? ಅಥವಾ ತಪ್ಪೇ ಆಗಿಲ್ಲವೆಂದು ನಿಮಗೆ ಆಗ ಗೊತ್ತಿತ್ತೇ?

ಇದೆಲ್ಲ ತಿಳಿದದ್ದು ಈ ಜನವರಿಯಲ್ಲಿ, ಬ್ಯಾಂಕಿನ ಅಧಿಕಾರಿ ವರದಿಯನ್ನು ನನ್ನ ಕಡೆ ತಿರುಗಿಸಿದಾಗ. ಸಾಲ ಮಾಹಿತಿ ಸಂಸ್ಥೆಗೆ ಬರೆದೆ. ಕಂಪನಿ ತಿದ್ದದೆ ತಾವು ತಿದ್ದುವಂತಿಲ್ಲ ಎಂದರು. ಜಾಹೀರಾತಿನ ತುಂಡು ಹಿಡಿದು ನಿಮ್ಮ ಶಾಖೆಗೆ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತರು ಅದನ್ನು ಪೂರ್ತಿ ಓದಿದರು, ಪಾಪ. ಆಮೇಲೆ, "ನೀವ್ ಹೇಳೋದು ಸರಿ ಮೇಡಂ. ಆದ್ರೆ ನಮ್ ಸಿಸ್ಟಮ್ಮಲ್ಲಿ ಆಷಾಢ ಇಲ್ಲ" ಎಂದರು. ಜಾಹೀರಾತಿನಲ್ಲಿದ್ದ ತಿಂಗಳು ಲೆಕ್ಕದಲ್ಲಿ ಎಲ್ಲಿಗೆ ಹೋಯಿತು, ಮಾನ್ಯರೇ?

ನಮ್ಮ ಮನೆಯ ಒಡತಿ ವಿಶಾಲಾಕ್ಷಮ್ಮನವರು ಮಗಳ ಊರಿಗೆ ಹೊರಟಿದ್ದಾರೆ. ಮನೆಯನ್ನು ಕೊಳ್ಳುತ್ತೀರಾ ಎಂದು ಬೇರೆಯವರಿಗಿಂತ ಮೊದಲು ನಮ್ಮನ್ನು ಕೇಳಿದರು; ಯುಗಾದಿಯವರೆಗೆ ಗಡುವು ಕೊಟ್ಟರು. ಬ್ಯಾಂಕು ಒಲ್ಲೆ ಎಂದಿತೆಂದು ತಿಳಿಸಿದಾಗ, "ನಾನ್ ಕಾಯ್ತೀನಿ ಕಣೆ ಕೋಕಿಲಾ. ನನ್ ಅಳಿಯ ಕಾಯಲ್ಲ" ಎಂದರು. ಆ ಅಳಿಯ ಹೋದ ಭಾನುವಾರ ಕೊಳ್ಳುವವರಿಬ್ಬರನ್ನು ಕರೆತಂದು ಮನೆ ಅಳೆಸಿದರು. ನಾನೇ ಟೇಪಿನ ಇನ್ನೊಂದು ತುದಿ ಹಿಡಿದೆ.

ನಾನು ದಯೆ ಕೇಳುತ್ತಿಲ್ಲ. ನಿಮ್ಮ ಜಾಹೀರಾತು ನಿಜವಾದರೆ ನಿಮ್ಮ ವರದಿ ಸುಳ್ಳು. ವರದಿ ನಿಜವಾದರೆ ಜಾಹೀರಾತು ಸುಳ್ಳು. ಮೊದಲ ಕಂತಿನ ತಾರೀಕನ್ನು 2005ರ ಆಗಸ್ಟ್ 10 ಎಂದು ತಿದ್ದಿ, ಮಾರ್ಚ್ 10ರೊಳಗೆ ಸಾಲ ಮಾಹಿತಿ ಸಂಸ್ಥೆಗೂ ನನ್ನ ಬ್ಯಾಂಕಿಗೂ ಬರಹದಲ್ಲಿ ತಿಳಿಸಿ. ಆಗದೆಂದರೆ ಇದೇ ಪತ್ರಿಕೆಯಲ್ಲಿ, ಅದೇ ಕಾಲು ಪುಟದಲ್ಲಿ, ಆಷಾಢಕ್ಕೆ ಬಾಡಿಗೆ ಇತ್ತು ಎಂದು ಅಚ್ಚು ಹಾಕಿಸಿ. ತೋರಣ ಬೇಡ.

ಗಡುವಿನ ದಿನ ಮಾರ್ಚ್ 27. ನಿಮ್ಮ ಸಿಸ್ಟಮ್ಮಿನಲ್ಲಿ ಯುಗಾದಿ ಇಲ್ಲದಿದ್ದರೆ, ಶುಕ್ರವಾರ ಎಂದು ಹುಡುಕಿ, ಸಿಗುತ್ತದೆ.

ಇಂತಿ,
ಒಮ್ಮೆಯೂ ತಪ್ಪದೆ ಮೂವತ್ತಾರು ಬಾರಿ ತಪ್ಪಿದ,
ಕೋಕಿಲಾ ರಾಮಾನುಜ
ಚಾಮರಾಜಪೇಟೆ (ಸದ್ಯಕ್ಕೆ)
20 ಫೆಬ್ರವರಿ 2009