ಮಿಸ್ ಪೆಥಿಕ್ ಹೊಂಚು ಹಾಕಿದ್ದು

ಹಾರ್‌ಕೋಂಬ್, ಡೆವನ್
೪ ಜೂನ್ ೧೯೨೭, ಶನಿವಾರ

ಪ್ರಿಯ ರೋಸಮಂಡ್,

ನೀನು ಕ್ಷೇಮವೆಂದೂ ನಿನ್ನ ತಂಗಿಯ ಕೂಸು ಮನೆಮಂದಿಯ ನಿದ್ದೆ ಕೆಡಿಸುವುದನ್ನು ಇನ್ನೂ ಬಿಟ್ಟಿಲ್ಲವೆಂದೂ ನಿನ್ನ ಮೂರು ಪತ್ರಗಳಿಂದ ತಿಳಿಯಿತು. ಮೂರಕ್ಕೂ ಉತ್ತರಿಸದೆ ಕೂತೆ, ಕ್ಷಮಿಸು. ಕಾರಣ ಒಂದೇ ಒಂದು ಪದ. ನಿಘಂಟಿನ ಹೊಸ ಆವೃತ್ತಿಗೆ ನಾನು ಸಿದ್ಧಮಾಡಿ ಕೊಡಬೇಕಾಗಿದ್ದ 'ಆಂಬುಷ್' ಎಂಬ ಆ ಹೊಂಚುದಾಳಿಯ ಪದ ಇವತ್ತು ಮಧ್ಯಾಹ್ನದ ಟಪಾಲಿಗೆ ಹೋಯಿತು. ಆ ಪದವಿರುವ ವಾಕ್ಯಗಳನ್ನು ಅಚ್ಚಾದ ಪುಟಗಳಿಂದ ಬರೆದಿಟ್ಟ ಚೀಟಿಗಳ ಕಟ್ಟು ಕಪಾಟಿನಲ್ಲಿ ಎಷ್ಟು ವರ್ಷ ಬಿದ್ದಿತ್ತೆಂದು ನಿನಗೆ ಗೊತ್ತು. ಅದನ್ನು ಬಿಚ್ಚದಿರಲು ನನಗೆ ಯಾವಾಗಲೂ ಬೇರೆ ಏನಾದರೂ ಕೆಲಸ ಸಿಗುತ್ತಿತ್ತು.

ಚೀಟಿಗಳನ್ನು ಇಸವಿಯ ಪ್ರಕಾರ ಊಟದ ಮೇಜಿನ ಮೇಲೆ ಹರಡಿದೆ. ನೀನಿಲ್ಲ, ಬೈಯುವವರಿಲ್ಲ. ಕಿಟಕಿಯ ಕಡೆಯ ತುದಿಯಲ್ಲಿ ಆರುನೂರು ವರ್ಷ ಹಿಂದಿನ ಸೈನಿಕರು ಪೊದೆಗಳಲ್ಲಿ ಅವಿತಿದ್ದಾರೆ. ಪದ ಹುಟ್ಟಿದ್ದೇ ಕಾಡಿನಲ್ಲಿ. ಉಪ್ಪಿನ ಬಟ್ಟಲಿನ ಹತ್ತಿರ ಬರುವಷ್ಟರಲ್ಲಿ ಕಾಡು ಬೇಕಾಗಿಲ್ಲ, ಓಣಿಯ ತಿರುವು ಸಾಕು. ಇನ್ನೂ ಈಚೆಗೆ ಕತ್ತಿಯೂ ಇಲ್ಲ. ರೋಗ, ಆಸೆ, ನೆನಪುಗಳು ಹೊಂಚು ಹಾಕುತ್ತವೆ. ನನ್ನ ಕುರ್ಚಿಯ ಕಡೆಗೆ ಮೇಜು ಖಾಲಿ. ಜನ ಈಗ ಆ ಪದವನ್ನು ನಗುತ್ತ ಆಡುತ್ತಾರೆ, ಪ್ರೀತಿಯಿಂದ ಒಬ್ಬರನ್ನೊಬ್ಬರು ಬೆಚ್ಚಿಬೀಳಿಸಿದ್ದಕ್ಕೆ. ಆದರೆ ಹಾಗೆ ಅಚ್ಚಾದ ಒಂದು ವಾಕ್ಯವೂ ನನ್ನಲ್ಲಿರಲಿಲ್ಲ. ಕಿವಿಯಲ್ಲಿ ಕೇಳಿದ್ದು ನಮಗೆ ಸಾಕ್ಷಿಯಲ್ಲ.

ಆ ಖಾಲಿ ಜಾಗವನ್ನು ಮಿಸ್ ಪೆಥಿಕ್ ನೋಡಿಬಿಟ್ಟರು. ನನಗೆ ಅಕ್ಷರ ಕಲಿಸಿದವರು, ನಿನಗೆ ಚೀಟಿ ಬರೆಯುವುದನ್ನು ಕಲಿಸಿದವರು. ಇಪ್ಪತ್ತೇಳು ವರ್ಷದಿಂದ ಪುಸ್ತಕಗಳಿಂದ ವಾಕ್ಯ ಹೆಕ್ಕಿ ಕಳಿಸುತ್ತಿದ್ದಾರೆ, ಅವರದೊಂದೂ ನಿಘಂಟಿನಲ್ಲಿ ಸೇರಿಲ್ಲ. ಈಗ ಕಣ್ಣು ಮಂಜಾಗುತ್ತಿದೆ. ಈ ಬೇಸಿಗೆ ಕಳೆದರೆ ಓದುಬರಹ ಮುಗಿಯಿತು ಎಂದಿದ್ದಾರೆ ಡಾಕ್ಟರು.

"ಎಂಬತ್ತೊಂದು ತುಂಬಿದ ದಿನ ಶಾಲೆ ಮಕ್ಳು ಬೇಲಿ ಹಿಂದೆ ಅವಿತ್ಕೊಂಡು ನನ್ ಮೇಲೆ ಸೇಬಿನ ಹೂ ಸುರಿದ್ರಲ್ಲ, ಅದನ್ನ ಇಡೀ ಊರು ಏನಂತ ಕರೀತು? ಬರ್ಕೋ ಅಲ್ಲಿ."

"ಅಚ್ಚಾಗಿಲ್ವಲ್ಲ ಮಿಸ್."

"ಅಚ್ಚಾಗ್ಬೇಕಾ? ಸರಿ ಬಿಡು."

ಆ 'ಸರಿ ಬಿಡು'ವಿಗೆ ನಾನು ಹೆದರಬೇಕಾಗಿತ್ತು. ಮೇ ತಿಂಗಳ ಚರ್ಚಿನ ಪತ್ರಿಕೆಯಲ್ಲಿ ಹುಟ್ಟುಹಬ್ಬದ ಸುದ್ದಿ ಬಂತು, ಆ ಪದದೊಂದಿಗೆ. ಮರುದಿನವೇ ಚೀಟಿ ಹಿಡಿದು ಆಕೆಯೂ ಬಂದರು. ತಾರೀಖು, ಪುಟ ಎಲ್ಲ ಸರಿ. ವರದಿಗೆ ಸಹಿ ಇರಲಿಲ್ಲ. ಆದರೆ ಒಂದೇ ವಾಕ್ಯದಲ್ಲಿ ನಾಲ್ಕು ಅರ್ಧವಿರಾಮ ಹಾಕುವವರು ಹಾರ್‌ಕೋಂಬಿನಲ್ಲಿ ಇನ್ನೊಬ್ಬರಿಲ್ಲ.

"ಇದು ನೀವೇ ಬರೆದದ್ದು."

"ಹೌದು. ಅದಕ್ಕೇ ಚೆನ್ನಾಗಿದೆ."

"ಚೀಟಿಗೋಸ್ಕರ ಬರೆದದ್ದು ನಡೆಯಲ್ಲ ಮಿಸ್. ಊರಿನವರು ತಾವಾಗೇ ಬಳಸಿರ್ಬೇಕು."

"ನಾನು ಊರಿನವಳಲ್ವೇನೋ? ಮೂರರ ಮಗ್ಗಿ ಬಾರದೆ ಅಳ್ತಾ ಕೂತಿದ್ದವನು, ನನಗೆ ಕಾನೂನು ಹೇಳೋಕೆ ಬಂದ!"

ಚೀಟಿ ವಾಪಸು ಕೊಟ್ಟೆ. ಆಕೆ ಅದನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಇನ್ನೊಮ್ಮೆ ಓದಿ, ಮಡಿಸಿ, ಕೈಚೀಲಕ್ಕೆ ಹಾಕಿಕೊಂಡು ಎದ್ದರು. ನಾನು ಮಾಡಿದ್ದು ಸರಿ. ಸರಿಯಾದದ್ದನ್ನು ಮಾಡಿ ಇಷ್ಟು ಸಣ್ಣವನಾದದ್ದು ಅಪರೂಪ.

ಹದಿನೈದು ದಿನ ಆಕೆ ಈ ಕಡೆ ಬರಲಿಲ್ಲ. ಆಮೇಲೆ ಒಂದು ಗುರುವಾರ ಅಂಚೆ ಕಚೇರಿಯಿಂದ ಬರುತ್ತಿದ್ದೆ. ನಮ್ಮ ಓಣಿಯ ತಿರುವಿನಲ್ಲಿ ಬೇಲಿಗೆ ಬೇಲಿಯೇ ಎದ್ದು ನಿಂತಿತು. ಇಪ್ಪತ್ತು ಮಕ್ಕಳು, ಕೈತುಂಬ ಬಿಳಿ ಹೂ; ಒಬ್ಬಳು ಬನ್ನನ್ನೇ ಎಸೆದಳು, ಕೆನೆಯ ಸಮೇತ. ಟೋಪಿ ಹೋಯಿತು, ಕನ್ನಡಕ ಹೋಯಿತು, ನಾನೂ ಹುಲ್ಲಿನ ಮೇಲೆ ಕೂತೆ. ಮೊದಲು ಕೂಗಿಕೊಂಡೆ, ಆಮೇಲೆ ನಕ್ಕೆ. ನಗು ನಿಲ್ಲಲಿಲ್ಲ. ಅಂಥ ನಗು ನನ್ನಲ್ಲಿ ಉಳಿದಿದೆಯೆಂದು ನನಗೇ ತಿಳಿದಿರಲಿಲ್ಲ. ಬೇಲಿಯ ಪಕ್ಕದ ಒಣ ಚರಂಡಿಯಿಂದ ಸೇನಾಪತಿಯ ದನಿ ಬಂತು:

"ಎಬ್ಬಿಸ್ರೋ ನನ್ನ! ಮಂಡಿ ಹಿಡ್ಕೊಂಡಿದೆ! ಬಿದ್ದನೇನ್ರೋ ಅವನು?"

"ಬಿದ್ರು ಮಿಸ್! ಮೂಗಿಗೆಲ್ಲಾ ಕೆನೆ!"

"ನನ್ ಚೀಟಿ ವಾಪಸ್ ಕೊಟ್ಟಿದ್ದಕ್ಕೆ! ಅನುಭವಿಸಲಿ!"

ಸ್ವಲ್ಪ ಹೊತ್ತಿಗೆ ಸೈಕಲ್ಲಿನಲ್ಲಿ ಬಂದ ಪಾದ್ರಿ ವೆನ್ನಿಂಗ್ ಕೈಜೋಡಿಸಿದ ಮೇಲೆಯೇ ಆಕೆ ಚರಂಡಿಯಿಂದ ಮೇಲೆ ಬಂದದ್ದು. ಮೊನ್ನೆ ಬುಧವಾರ ಜೂನ್ ಸಂಚಿಕೆ ಬಂತು. ಪಾದ್ರಿಗಳು ತಮ್ಮ ಅಂಕಣದಲ್ಲಿ ಇಡೀ ಪ್ರಸಂಗ ಬರೆದಿದ್ದರು. ಎರಡನೆಯ ಸಾಲಿನಲ್ಲೇ ಆ ಪದ ಆರಾಮವಾಗಿ ಕೂತಿತ್ತು. ಚಹಾ ಬಿಟ್ಟು ಪಾದ್ರಿಗಳ ಮನೆಗೆ ಓಡಿದೆ.

"ಈ ಪದ ಹಾಕಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು ಮಿಸ್ಟರ್ ಲಸ್ಕಂ? ಅದನ್ನ ಬೇರೆ ಏನಂತ ಬರೀಲಿ?"

"ಮಿಸ್ ಪೆಥಿಕ್ ಚೀಟಿ ವಿಷಯ ಏನಾದ್ರೂ..."

"ಯಾವ ಚೀಟಿ?"

"ಹೋಗ್ಲಿ, ಮೇ ಸಂಚಿಕೆ ಓದಿದ್ರಾ?"

"ನಮ್ಮ ಪತ್ರಿಕೇನ ಯಾರ್ರೀ ಓದ್ತಾರೆ!"

ಇದಕ್ಕಿಂತ ಶುದ್ಧವಾದ ಸಾಕ್ಷಿ ನನಗೆ ಈವರೆಗೆ ಸಿಕ್ಕಿಲ್ಲ. ಪತ್ರಿಕೆಯನ್ನು ಮಿಸ್ ಪೆಥಿಕ್ ಅವರಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ಚೀಟಿ ಬರೆದರು; ಮುಕ್ಕಾಲು ಗಂಟೆ ಹಿಡಿಯಿತು, ಸಾಲು ಓರೆಯಾಯಿತು. "ಓದು ನೋಡೋಣ. ನನ್ ತಪ್ಪು ಹಿಡಿದ್ರೆ ಕಿವಿ ಹಿಂಡ್ತೀನಿ" ಎಂದರು. ತಪ್ಪಿರಲಿಲ್ಲ. ನಮ್ಮ ಮೇಜಿನ ಮೇಲೆ, ಎಲ್ಲಕ್ಕಿಂತ ಈಚೆಗೆ, ಅವರ ಕೈಯಿಂದಲೇ ಇಡಿಸಿದೆ. ಮುಟ್ಟಿ ಮುಟ್ಟಿ ನೇರ ಮಾಡಿದರು.

ಕೂಸಿಗೆ ನನ್ನ ಮುತ್ತು, ನಿನ್ನ ತಂಗಿಗೆ ಬಲ ಬರಲಿ, ಆ ಮನೆಗೆ ದೇವರು ಒಂದು ರಾತ್ರಿಯ ನಿದ್ದೆಯನ್ನಾದರೂ ಕರುಣಿಸಲಿ.

ನಿನ್ನವನೇ ಆದ
ಆಬ್ರಿ

ತಾ.ಕ.: ಕಟ್ಟಿನಲ್ಲಿ ನಿನ್ನ ಕೈಬರಹದ ಚೀಟಿಯೊಂದಿತ್ತು. ದಿನಪತ್ರಿಕೆ, ೨೧ ಜುಲೈ ೧೯೧೭, ಪುಟ ಆರು. ಗಸ್ತಿನ ತುಕಡಿಯೊಂದು ಕಾಡಿನಂಚಿನಲ್ಲಿ 'ಆಂಬುಷ್'ಗೆ ಸಿಕ್ಕಿತು, ಯಾರೂ ಮರಳಲಿಲ್ಲ ಎಂಬ ವಾಕ್ಯ. ನಮ್ಮ ಲಯನೆಲ್‌ನ ತುಕಡಿ. ಮಗನ ಸಾವಿನ ತಂತಿ ಬಂದ ವಾರದಲ್ಲೇ ನೀನು ಕೂತು ಅದನ್ನು ಬರೆದು, ನನಗೆ ಒಂದು ಮಾತೂ ಹೇಳದೆ ನನ್ನ ಕಪಾಟಿನಲ್ಲಿಟ್ಟೆ. ಹತ್ತು ವರ್ಷ ನಾನು ಬಿಚ್ಚಲಿಲ್ಲ, ನೀನು ಕೇಳಲಿಲ್ಲ. ಅದನ್ನು ಸೈನಿಕರ ಸಾಲಿನ ಕೊನೆಗೆ ಇಟ್ಟೆ. ನಕಲು ಮಾಡಿ ಕಳಿಸೋಣವೆಂದು ಕೂತೆ, ಆಗಲಿಲ್ಲ, ನಿನ್ನದನ್ನೇ ಕಳಿಸಿದ್ದೇನೆ. ಒಂದು ಅಕ್ಷರವೂ ಅಲುಗಿಲ್ಲ, ರೋಸಮಂಡ್. ನೀನು ಬರೆಯುವಾಗ ನಾನು ಪಕ್ಕದ ಕೋಣೆಯಲ್ಲೇ ಇದ್ದೆನಲ್ಲವೇ?