ಮೋನಾ ‘ಸ್ಟ್ರೇಂಜ್’ ಮಾಡುತ್ತಿದ್ದಾಳೆ

ಟರ್ನ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಜನವರಿ ೪, ೧೯೭೧

ಪ್ರೀತಿಯ ಆಂಬ್ರೋಸ್,

ಹೇಗಿದ್ದೀಯ? ಕೆಮ್ಮು ಹೋಯಿತಾ? ಲ್ಯಾಬ್ರಡಾರಿನ ಆ ಚಳಿಯಲ್ಲಿ ಸಿಗರೇಟು ಸೇದಲು ಕೈಗವಸು ಬಿಚ್ಚಬೇಡ ಅಂತ ನಿನ್ನಮ್ಮ ಹೇಳಿದ್ದಾರೆ. ನಾವೆಲ್ಲ ಆರಾಮು. ಮೋನಾಗೆ ಇನ್ನೊಂದು ಹಲ್ಲು ಬಂದಿದೆ. ನನಗೆ ನಿದ್ದೆ ಮಾತ್ರ ಇಲ್ಲ. ಅದಕ್ಕೆ ಹಲ್ಲು ಕಾರಣವಲ್ಲ.

ಮುಂದಿನ ತಿಂಗಳು ನೀನು ಬರುತ್ತೀಯಲ್ಲ, ಅದೇ ಯೋಚನೆ. ನೀನು ಅಣೆಕಟ್ಟಿನ ಕೆಲಸಕ್ಕೆ ಹೊರಟಾಗ ಅವಳ ಕತ್ತೇ ನಿಂತಿರಲಿಲ್ಲ. ಈಗ ನನ್ನನ್ನೂ ಅತ್ತೆಯನ್ನೂ ಬಿಟ್ಟು ಯಾರನ್ನು ಕಂಡರೂ ತುಟಿ ಸೊಟ್ಟ ಮಾಡಿ ಚೀರುತ್ತಾಳೆ. ಪಾದ್ರಿಗಳು ಹರಸಲು ಕೈ ಎತ್ತಿದರೆ ಇಗರ್ಜಿಯೇ ಅದುರಬೇಕು. ಊರವರು "ಸ್ಟ್ರೇಂಜ್ ಮಾಡ್ತಿದಾಳೆ ಕಣಮ್ಮ, ಅಷ್ಟೇ" ಅಂದು ನಕ್ಕು ಸುಮ್ಮನಾಗುತ್ತಾರೆ. ಕಾಲೇಜು ಓದಿದವಳು ನಾನು, ಸುಮ್ಮನಿರಲಾದೀತೆ? ನಿಘಂಟು ತೆಗೆದೆ. ಆ ಪದ ಲ್ಯಾಟಿನ್ನಿನದಂತೆ, ಫ್ರೆಂಚರ ಬಾಯಲ್ಲಿ ಹೊರಳಿ ನಮ್ಮ ಕಡೆ ಬಂದದ್ದು. ಮೂಲದ ಅರ್ಥ ‘ಹೊರಗಿನದು’. ಹಾಗಾದರೆ ಅಪ್ಪನೂ ಹೊರಗಿನವನೇ? ನಿನ್ನ ಫೋಟೋ ತೊಟ್ಟಿಲಿಗೆ ಕಟ್ಟಿದೆ. ಅವಳು ಚೀಪಿ ಚೀಪಿ ನಿನ್ನ ಒಂದು ಕಿವಿ ತಿಂದುಬಿಟ್ಟಿದ್ದಾಳೆ.

ನಿನ್ನೆ ಸಂಜೆ ಕ್ರಿಸ್‌ಮಸ್ಸಿನ ಮಮ್ಮರ್ ವೇಷದವರು ಮನೆ ಮನೆ ಸುತ್ತುತ್ತಾ ನಮ್ಮಲ್ಲಿಗೂ ಬಂದರು. ದನಿ ಗುರುತು ಸಿಗಬಾರದೆಂದು ಉಸಿರು ಒಳಗೆಳೆದುಕೊಂಡು "ವೇಷದೋರನ್ನ ಒಳಗೆ ಬಿಡ್ತೀರಾ?" ಎಂದು ಕೀರಲು ದನಿಯಲ್ಲಿ ಕೇಳಿದರು. ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ಬಾಗಿಲು ತೆಗೆದಾಗಿತ್ತು. ಮುಖಕ್ಕೆ ಕಿಟಕಿಯ ಪರದೆ, ಬೆನ್ನಿಗೆ ದಿಂಬಿನ ಗೂನು, ಗಂಡಸಿಗೆ ಲಂಗ! ನಾನು ಮಗುವಿನ ಕಣ್ಣು ಮುಚ್ಚಿದೆ. ಅವಳೋ ನನ್ನ ಕೈ ತಳ್ಳಿ, ಕೇಕೆ ಹಾಕಿ ನಗುತ್ತಾ ಗೂನನ ಪರದೆ ಹಿಡಿದು ಜಗ್ಗಿದಳು. "ಆ ಬೂಟು ನಮ್ಮ ಲಿಯೋದು!" ಅಂದರು ಅತ್ತೆ. ಹೆಸರು ಹೇಳಿದ ಮೇಲೆ ಮುಖ ತೋರಿಸಲೇಬೇಕಲ್ಲ, ನಿನ್ನ ತಮ್ಮ ಪರದೆ ಎತ್ತಿದ. ದಿನಾ ನಮ್ಮ ಮೇಜಿನಲ್ಲೇ ಮೀನು ತಿನ್ನುವ ಚಿಕ್ಕಪ್ಪ! ಇವಳು ಉಸಿರು ಕಟ್ಟುವಂತೆ ಅತ್ತಳು. "ಮುಚ್ಕೊಂಡ್ರೇನೇ ನಾನು ಚೆಂದ ಅನ್ನು, ಪುಟ್ಟಿ" ಎಂದು ಅವನು ಮತ್ತೆ ಮುಸುಕೆಳೆದುಕೊಂಡ. ಬಿದ್ದು ಬಿದ್ದು ನಕ್ಕೆವು.

ಆಮೇಲೆ ಅತ್ತೆ ಅಂದರು: "ಮುಖ ಇಲ್ಲದೋನ ಹತ್ರ ಏನು, ಆಟ ಆಡಬಹುದು. ಮುಖ ಕಂಡ್ಮೇಲೇ ಇವನು ನಮ್ಮೋನಾ ಅಂತ ಯೋಚನೆ ಬರೋದು. ‘ಸ್ಟ್ರೇಂಜ್ ಮಾಡೋದು’ ಅನ್ನೋದು ನಮ್ಮಜ್ಜಿಯರು ಐರ್ಲೆಂಡಿಂದ ತಂದ ಮಾತು ಕಣೇ. ತೆವಳೋದು, ನಿಲ್ಲೋದು ಮಾಡಲ್ವಾ, ಹಂಗೇ ಮಕ್ಕಳು ಇದನ್ನೂ ಮಾಡ್ತವೆ. ಒಳಗಿನೋರು ಯಾರು ಅಂತ ಗೊತ್ತಾಗಿದೆ, ಅದಕ್ಕೇ ಅಳ್ತಾಳೆ. ನಿನ್ನ ಗಂಡ ಏನು ಕಮ್ಮೀನಾ? ಅವರಪ್ಪ ದೋಣಿಯಿಂದ ಬಂದಾಗ ಮಂಚದ ಕೆಳಗೆ ಸೇರ್ಕೊಂಡಿದ್ದ!" ಇದನ್ನು ನೀನು ನನಗೆ ಯಾವತ್ತೂ ಹೇಳಿರಲಿಲ್ಲ, ಕಳ್ಳ.

ನಿನಗೆ ಅತ್ತೆಯ ಅಪ್ಪಣೆ ಇದು. ಬಂದವನೇ ಮಗುವಿನ ಮೇಲೆ ಬೀಳಬಾರದು. ಕೂತು ಟೀ ಕುಡಿಯಬೇಕು, ಬೇರೆಯವರ ಹತ್ತಿರ ಹರಟಬೇಕು, ಅವಳ ಕಡೆ ನೋಡಲೇಬಾರದು. ಅವಳೇ ತೆವಳಿ ಬಂದು ನಿನ್ನ ಬೂಟಿನ ದಾರ ಹಿಡಿಯುತ್ತಾಳಂತೆ.

ಅತ್ತೆ ದಿನಾ ಜಪಸರ ಹಿಡಿದು ನಿನ್ನನ್ನು ಹರಸುತ್ತಿದ್ದಾರೆ. ಲಿಯೋನ ವಂದನೆಗಳು. ಮೋನಾಳ ಜೊಲ್ಲು ಈ ಕಾಗದದ ಅಂಚಿನಲ್ಲೇ ಇದೆ.

ನಿನ್ನ
ನೋರೀನ್

ತಾ.ಕ.: ಅಂಚೆಯವನು ಹೊರಟುಬಿಟ್ಟಾನು, ಒಂದೇ ಮಾತು. ನಿನ್ನ ಮುಖ ನೋಡಿ ಎಷ್ಟು ಕಾಲವಾಯಿತು! ನೀನು ಬಾಗಿಲಲ್ಲಿ ನಿಂತಾಗ ನಾನೂ ಸ್ವಲ್ಪ ಸ್ಟ್ರೇಂಜ್ ಮಾಡಿ ಒಲೆಯ ಕಡೆ ತಿರುಗಿಬಿಟ್ಟೇನು. ಆಗ ನನ್ನನ್ನು ನೋಡದೆ ಟೀ ಕುಡಿಯುತ್ತಾ ಕೂತೀಯ, ಜೋಕೆ! ಆ ಔಷಧಿ ಮಗುವಿಗೆ ಮಾತ್ರ.