ಬಾಟಲಿಗೆ ಹೇಳಿದ ಸಲಾಂ

ಅಬುಧಾಬಿ, ಮಾರ್ಚ್ 2017

ಸುಮೀನಾ,

ನಿನ್ನನ್ನು ಬನಿಯಾಸ್‌ನ ಕಬರಸ್ತಾನದಲ್ಲಿ ಮಲಗಿಸಿ ನಾಲ್ಕು ವರ್ಷವಾಯಿತು. ಪ್ರತಿ ಶುಕ್ರವಾರ ಹೋಗಿ ಸಲಾಂ ಹೇಳುತ್ತೇನೆ. ಇವತ್ತು ಬೇರೆ ಕಡೆ ಹೇಳಿಬಂದೆ.

ರಂಜಾನಿನಲ್ಲಿ ನಿನ್ನ ಹೆಸರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಸದಕಾ ಕೊಡುತ್ತೇನಲ್ಲ, ಆ ಸಂಸ್ಥೆಯವರು ದಾನಿಗಳನ್ನು ಲ್ಯಾಬ್ ನೋಡಲು ಕರೆದಿದ್ದರು. ಅಲ್ಲಿ ಕೆಲಸ ಮಾಡುವ ಭಟ್ಕಳದ ಹುಡುಗಿ ಅರ್ವಾ, ಒಂದು ಬಾಟಲಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು.

"ರೋಗಿ ಈಗ ಇಲ್ಲ ಅಂಕಲ್. ಆದ್ರೆ ಅವರ ಗಡ್ಡೆಯ ಜೀವಕೋಶ ಇನ್ನೂ ಬೆಳೀತಾ ಉಂಟು. ಇದ್ರ ಮೇಲೆ ಪರೀಕ್ಷೆ ಮಾಡಿದ ಮದ್ದನ್ನು ಈಗ ಒಬ್ರು ತಾಯಿಗೆ ಕೊಡ್ತಾ ಇದ್ದಾರೆ. ನಿನ್ನೆ ಅವರು ಎದ್ದು ಕೂತ್ರಂತೆ."

ಬಾಟಲಿಯ ಮೇಲೆ ಹೆಸರಿರಲಿಲ್ಲ. ನಿನ್ನ ಆಪರೇಷನ್ನಿನ ತಾರೀಕಿತ್ತು.

ಆಪರೇಷನ್ನಿಗೆ ಮೊದಲು, ದೇಹದ ಒಂದು ಚೂರೂ ಮಣ್ಣಿನ ಹೊರಗೆ ಉಳಿಯಬಾರದೆಂದು ಗಂಡನಾದ ನಾನು ಜಗಳವಾಡಿ ಕಾರಿನಲ್ಲೇ ಕೂತಿದ್ದೆ. ನೀನೊಬ್ಬಳೇ ಒಳಗೆ ಹೋಗಿ, ಗಡ್ಡೆಯನ್ನು ಸಂಶೋಧನೆಗೆ ಕೊಡುತ್ತೇನೆಂದು ಸಹಿ ಹಾಕಿ ಬಂದಿದ್ದೆ.

ಕಣ್ಣಿಟ್ಟು ನೋಡಿದೆ. ಏನೋ ಮೆಲ್ಲಗೆ ಅಲುಗಿದಂತಾಯಿತು. ಕಬರಿನ ಮುಂದಿನ ಅಭ್ಯಾಸಬಲ, "ಅಸ್ಸಲಾಮು ಅಲೈಕುಂ" ಎಂದುಬಿಟ್ಟೆ. ನಿನಗೋ, ನಿನ್ನನ್ನು ಕೊಂದದ್ದಕ್ಕೋ ಗೊತ್ತಿಲ್ಲ.

"ವ ಅಲೈಕುಮುಸ್ಸಲಾಂ" ಎಂದಿತು ಬೆನ್ನ ಹಿಂದೆ ಒಂದು ಹೆಣ್ಣುದನಿ.

ತಿರುಗಿದೆ. ಅರ್ವಾ ಗಾಜಿನ ಬಾಗಿಲಾಚೆ ಫೋನಿನಲ್ಲಿದ್ದಳು. ಕೋಣೆಯಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ.

ಈ ಸಲ ನಾನು ಕಾರಿಗೆ ಹೋಗಲಿಲ್ಲ, ಸುಮೀನಾ. ಅವರು ಲ್ಯಾಬ್ ಮುಚ್ಚುವವರೆಗೂ ಬಾಟಲಿಯ ಪಕ್ಕದಲ್ಲೇ ಕೂತಿದ್ದೆ.

ಫಾರಿಸ್